ಒತ್ತದ ಗಡಿಯಾರ

ಹುಡುಗಿ ಆನೆಯನ್ನು ಬಲಿಕೊಟ್ಟಳು, ನಡೆಯನ್ನು ಹಾಳೆಯ ಮೇಲೆ ಬರೆದುಕೊಂಡಳು, ಪೆನ್ನಿಗೆ ಮುಚ್ಚಳ ಹಾಕಿದಳು, ಎದ್ದು ನೀರು ಕುಡಿಯಲು ಹೋದಳು. ಗಡಿಯಾರ ಒತ್ತಲಿಲ್ಲ.

ಎದುರು ಕೂತಿದ್ದ ಅವಳಿಗೆ ಅದು ಕೂಡಲೇ ತಿಳಿಯಲಿಲ್ಲ. ಚದುರಂಗದ ಬೋರ್ಡಿನ ಮೇಲೆ ಮೊದಲು ಕಂಡದ್ದು ಆನೆಯೇ. ತನ್ನ ಕಪ್ಪು ರಾಜನ ಪಕ್ಕಕ್ಕೆ ಮಾನಮರ್ಯಾದೆ ಬಿಟ್ಟು ಬಂದು ನಿಂತಿದ್ದ ಬಿಳಿ ಆನೆ. ಹೊಡೆದರೆ ಬೇಗ ಸೋಲು, ಬಿಟ್ಟರೆ ತಡವಾಗಿ ಸೋಲು. ಇಂಥದ್ದೊಂದು ಬರಬಹುದೆಂದು ಅವಳು ಎಣಿಸಿರಲೇ ಇಲ್ಲ. ಹತ್ತು ವರ್ಷದ ಹಿಂದಾಗಿದ್ದರೆ ಹುಡುಗಿ ಕೈಯೆತ್ತುವ ಮೊದಲೇ ಮೂಗಿಗೆ ವಾಸನೆ ಬಡಿದಿರುತ್ತಿತ್ತು. ಇದನ್ನು ಇನ್ನೆಷ್ಟು ಹೊತ್ತು ಎಳೆದಾಡಬಹುದೆಂದು ಗಡಿಯಾರದ ಕಡೆ ಕಣ್ಣು ಹಾಯಿಸಿದರೆ ತನ್ನ ಅಂಕಿಗಳು ಸುಮ್ಮನೆ ನಿಂತಿದ್ದವು. ಓಡುತ್ತಿದ್ದವು ಹುಡುಗಿಯವು. ನಡೆ ಮುಗಿಸಿದವರು ತಮ್ಮ ಕಡೆಯ ಗುಂಡಿ ಒತ್ತಬೇಕು. ಒತ್ತುವವರೆಗೆ ಸೋರುವುದು ಅವರದೇ ಸಮಯ, ಅದು ತೀರಿದರೆ ಆಟವೂ ತೀರಿತು, ಬೋರ್ಡಿನ ಮೇಲೆ ಎಂಥ ಚಂದ ಕಟ್ಟಿದ್ದರೂ. ಆ ಆನೆಯನ್ನು ಕೊಡಲೋ ಬೇಡವೋ ಎಂದು ಯೋಚಿಸುವುದರಲ್ಲೇ ಹುಡುಗಿ ತನ್ನ ಸಮಯದ ಬಹುಪಾಲು ಸುರಿದಿದ್ದಳು. ಉಳಿದದ್ದು ಸ್ವಲ್ಪ. ಎದುರು ಕೂತವಳ ಕೈ ತಾನಾಗಿಯೇ ಗಲ್ಲಕ್ಕೆ ಹೋಯಿತು, ಹುಬ್ಬು ಗಂಟಿಕ್ಕಿತು. ಆಳವಾಗಿ ಯೋಚಿಸುತ್ತಿರುವ ಹೆಂಗಸು. ಮೈಗೆ ಈ ನಟನೆ ಇಷ್ಟು ಬೇಗ ಬಂದದ್ದು ಕಂಡು ಅವಳಿಗೇ ಒಂದು ಕ್ಷಣ ಅಸಹ್ಯವಾಯಿತು. ಕೈ ಮಾತ್ರ ಗಲ್ಲದಲ್ಲೇ ಉಳಿಯಿತು.

ಅವರು ಕೂತಿದ್ದ ನಾಲ್ಕನೇ ಬೋರ್ಡು, ತಂಡದ ನಾಲ್ವರು ಆಟಗಾರ್ತಿಯರ ಸಾಲಿನ ಕೊನೆಯದು. ಅದರಾಚೆ ಹಗ್ಗ, ಹಗ್ಗದಾಚೆ ನೋಡುವವರು. ಬೆಳಿಗ್ಗೆಯಿಂದ ಆ ಕಡೆ ನೋಡಬಾರದೆಂದು ಮನಸ್ಸು ಗಟ್ಟಿಮಾಡಿಕೊಂಡಿದ್ದಳು. ಈಗ ನೋಡಿದಳು. ಅಣ್ಣ ಅಲ್ಲೇ ನಿಂತಿದ್ದ. ಕೂದಲು ಮುಕ್ಕಾಲು ಹೋಗಿತ್ತು, ಹೊಟ್ಟೆ ಬಂದಿತ್ತು, ಯಾರದೋ ಕೋಟನ್ನು ಎರವಲು ತಂದವನಂತೆ ತೋಳು ಉದ್ದವಾಗಿತ್ತು. ಆಟ ಶುರುವಾದಾಗ ಹಗ್ಗ ಹಿಡಿದುಕೊಂಡು ನಿಂತಿದ್ದವನಿಗೆ ತೀರ್ಪುಗಾರ ಬಂದು, ಕೈ ತೆಗೀರಿ ಯಜಮಾನ್ರೇ ಎಂದು ಸನ್ನೆ ಮಾಡಿದ್ದ; ಅಣ್ಣ ಬೈಸಿಕೊಂಡ ಶಾಲೆಯ ಹುಡುಗನ ಹಾಗೆ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿದ್ದ. ಅವು ಇನ್ನೂ ಹಾಗೇ ಇದ್ದವು. ಅವನು ನೋಡುತ್ತಿದ್ದದ್ದು ಬೋರ್ಡನ್ನಲ್ಲ, ಗಡಿಯಾರವನ್ನು. ಆಮೇಲೆ ನಿಧಾನವಾಗಿ ಕಣ್ಣೆತ್ತಿ ಅವಳನ್ನು ನೋಡಿದ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವಳು ನೋಡಿದ್ದಾಳೆಂದು ಅವನಿಗೆ ಗೊತ್ತಾಯಿತು, ಅವನಿಗೆ ಗೊತ್ತಾಯಿತೆಂದು ಅವಳಿಗೆ. ಅವನು ತುಟಿ ಬಿಚ್ಚುವ ಹಾಗಿಲ್ಲ. ನೋಡುವವರು ಕೆಮ್ಮಿ ಸೂಚನೆ ಕೊಟ್ಟರೂ ಹೊರಗೆ ಹಾಕುತ್ತಾರೆ, ಜೊತೆಗೆ ಆಟಗಾರ್ತಿಗೂ ದಂಡ. ತಂಡದ ನಾಯಕಿಯರು ಹೇಳುವ ಹಾಗಿಲ್ಲ, ತೀರ್ಪುಗಾರನಂತೂ ಹೇಳಲೇಬಾರದು. ಗಡಿಯಾರ ಒತ್ತಿಲ್ಲ ಎಂದು ಹುಡುಗಿಗೆ ಹೇಳುವ ಅಧಿಕಾರ ಆ ಇಡೀ ಹಾಲಿನಲ್ಲಿ ಇದ್ದದ್ದು ಅವಳೊಬ್ಬಳಿಗೆ. ಹೇಳಲೇಬೇಕೆಂದು ಯಾವ ನಿಯಮವೂ ಇರಲಿಲ್ಲ.

ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಕ್ಯಾಪ್ಟನ್ ಸೀನುತ್ತಾ ಪಕ್ಕಕ್ಕೆ ಬಂದು ಕೂತಿದ್ದಳು. ನೆಗಡಿಯಾದರೆ ಆಕೆಯ ದನಿಗೆ ಒಂದು ಬಗೆಯ ವಾತ್ಸಲ್ಯ ಬಂದುಬಿಡುತ್ತಿತ್ತು. "ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ನೋಡು, ಹಿಂದಿನ ಎರಡೂ ಸುತ್ತು ಸೋತಿದೀಯ. ಇವತ್ತು ಗೆಲ್ಲು, ಯಾರೂ ಕೇಳಲ್ಲ. ಇಲ್ಲಾಂದ್ರೆ ನಾಳೆಯಿಂದ ನಿನ್ನ ಜಾಗದಲ್ಲಿ ಪುಟಾಣಿ ಕೂತ್ಕೋತಾಳೆ."

ಪುಟಾಣಿ ಎಂದರೆ ತಂಡದ ಮೀಸಲು ಆಟಗಾರ್ತಿ. ಅವಳಿಗೆ ಕುದುರೆ ಹೇಗೆ ನಡೆಯುತ್ತದೆಂದು ಹೇಳಿಕೊಟ್ಟವಳೂ ಇವಳೇ.

"ಡ್ರಾ ಆದ್ರೆ?"

"ಡ್ರಾ ಮಾಡೋಕೆ ನಿನ್ನನ್ನ ಇಲ್ಲೀತನಕ ಹೊತ್ಕೊಂಡು ಬರಬೇಕಿತ್ತಾ?" ಎಂದು ಕ್ಯಾಪ್ಟನ್ ನಕ್ಕಳು. ನಗೆಯಾಗಿದ್ದರಿಂದ ಅವಳೂ ನಗಬೇಕಾಯಿತು. ನಾಲ್ಕನೇ ಬೋರ್ಡು ಹೋದರೆ ಬರೀ ನಾಲ್ಕನೇ ಬೋರ್ಡು ಹೋಗುವುದಿಲ್ಲ. ಕ್ಲಬ್ಬಿನ ಮಹಡಿಯ ಮೇಲಿನ ಕೋಣೆ ತಂಡದ ಆಟಗಾರ್ತಿಗೆಂದು ಕೊಟ್ಟದ್ದು. ಬೇಸಿನ್ನು, ಕಬ್ಬಿಣದ ಮಂಚ, ಬಾಗಿಲು ಸರಿಯಾಗಿ ಕೂರದ ಕಪಾಟು. ಸಂಜೆ ಕೆಳಗೆ ಮಕ್ಕಳಿಗೆ ಪಾಠ, ಪಾಠವಾದ ಮೇಲೆ ಚಹಾದ ಕಪ್ಪುಗಳನ್ನು ತೊಳೆದಿಡುವುದು. ಅದು ಕರಾರಿನಲ್ಲಿ ಇರಲಿಲ್ಲ, ಯಾವಾಗ ಅವಳ ಕೆಲಸವಾಯಿತೆಂದು ಯಾರಿಗೂ ನೆನಪಿಲ್ಲ. ಹೋದ ತಿಂಗಳು ಕ್ಲಬ್ಬಿನ ಕಾರ್ಯದರ್ಶಿ ಟೇಪು ಹಿಡಿದುಕೊಂಡು ಬಂದು ಕಿಟಕಿ ಅಳೆದಿದ್ದ. "ಪರದೆ ಬದಲಾಯಿಸೋಣ ಅಂತ" ಎಂದಿದ್ದ. ಈ ವಾರ ಹೊರಡುವ ಮೊದಲು ಮತ್ತೆ ಬಂದು ಗೋಡೆಯನ್ನೂ ಅಳೆದ. ಗೋಡೆಗೆ ಯಾವ ಪರದೆ ಹಾಕುತ್ತಾರೆ ಎಂದು ಅವಳು ಕೇಳಲಿಲ್ಲ. ಎದುರು ತಂಡದ ನಾಲ್ಕನೇ ಬೋರ್ಡಿನವಳು ತನ್ನ ಅಣ್ಣನ ಮಗಳೆಂದು ಕ್ಯಾಪ್ಟನ್‌ಗೂ ಹೇಳಲಿಲ್ಲ. ಹೇಳಿದ್ದರೆ ಆಕೆ ಇವತ್ತೇ ಪುಟಾಣಿಯನ್ನು ಕೂರಿಸುತ್ತಿದ್ದಳು.

ಕೈ ಕುಲುಕುವಾಗ ಹುಡುಗಿ ಮೆಲ್ಲಗೆ "ಅತ್ತೆ" ಎಂದಿದ್ದಳು. ಅಷ್ಟೇ. ಆ ಶಬ್ದ ಬಂದು ಎಲ್ಲಿ ಬಡಿಯಿತೆಂದು ಅವಳಿಗೆ ಈಗಲೂ ತಿಳಿಯದು. ಈ ದೇಶದಲ್ಲಿ ಅವಳ ಹೆಸರನ್ನು ಮೊದಲ ವಾರವೇ ಮುರಿದು ಒಂದೂವರೆ ಅಕ್ಷರ ಮಾಡಿದ್ದರು. ಅದಕ್ಕೆ ಓಗೊಡುವುದು ಅಭ್ಯಾಸವಾಗಿ, ಒಂದು ದಿನ ಬೀದಿಯಲ್ಲಿ ಯಾರೋ ನಾಯಿಯನ್ನು ಕರೆದಾಗ ತಿರುಗಿ ನೋಡಿದ್ದಳು. ಅತ್ತೆ ಎಂದು ಕರೆಯುವವರು ಎಲ್ಲೋ ಬೆಳೆಯುತ್ತಿದ್ದಾರೆ ಎಂಬುದು ಗೊತ್ತಿದ್ದರೂ ಅದು ತನಗೆ ಸಂಬಂಧಪಟ್ಟದ್ದೆಂದು ಅನ್ನಿಸಿರಲಿಲ್ಲ. ಹುಡುಗಿ ಕೂತವಳೇ ತನ್ನ ಎರಡೂ ಕುದುರೆಗಳನ್ನು ಬೆರಳ ತುದಿಯಲ್ಲಿ ತಿರುಗಿಸಿ ರಾಜನ ಕಡೆಗೆ ಮುಖ ಮಾಡಿ ನಿಲ್ಲಿಸಿದಳು. ಕುದುರೆ ಯಜಮಾನನ ಕಡೆ ನೋಡ್ತಿರಬೇಕು ಕಣೇ, ಆಗ ಓಡಿಹೋಗಲ್ಲ ಎನ್ನುತ್ತಿದ್ದ ಅಣ್ಣ, ಪ್ರತಿ ಆಟಕ್ಕೆ ಮೊದಲು. ಅವಳ ಕುದುರೆಗಳು ಎಷ್ಟೋ ವರ್ಷಗಳಿಂದ ಎದುರಿಗೇ ನೋಡುತ್ತಿವೆ. ಯಾವ ಊರಿನಲ್ಲಿ, ಯಾವ ಆಟದಲ್ಲಿ ಅವನ್ನು ತಿರುಗಿಸುವುದು ಬಿಟ್ಟೆನೋ ನೆನಪಿಲ್ಲ.

ಚಿಕ್ಕಂದಿನಲ್ಲಿ ಅಪ್ಪ ಯಾರ ಮನೆಯಿಂದಲೋ ತಂದುಕೊಟ್ಟಿದ್ದ ಗಡಿಯಾರಕ್ಕೆ ಎರಡು ಮುಖ, ಒಂದು ಮುಖದ ಗಾಜು ಸೀಳಿತ್ತು. ಗಂಟೆ ತುಂಬುವ ಹೊತ್ತಿಗೆ ಒಂದು ಸಣ್ಣ ಕೆಂಪು ಬಾವುಟ ಮುಳ್ಳಿನ ತುದಿಗೆ ಸಿಕ್ಕಿ ಮೇಲೇರಿ ಟಪ್ಪನೆ ಬೀಳುತ್ತಿತ್ತು. ಮಾಡಿನ ಕೆಳಗಿನ ಇಕ್ಕಟ್ಟಾದ ಕೋಣೆಯಲ್ಲಿ, ಹಾಸಿಗೆಗಳ ರಾಶಿಗೆ ಒರಗಿಕೊಂಡು, ಲಂಗ ಮೊಣಕಾಲ ಮೇಲೆ ಹೋದದ್ದೂ ಗೊತ್ತಿಲ್ಲದೆ, ಅವಳು ಮೊಟ್ಟಮೊದಲ ಬಾರಿಗೆ ಅಣ್ಣನ ಮಂತ್ರಿಯನ್ನು ಸಿಕ್ಕಿಸಿದ್ದಳು. ಕುಣಿದಳು. ಅಡುಗೆಮನೆಗೆ ಓಡಿಹೋಗಿ ಅಮ್ಮನಿಗೆ ಹೇಳಿ ಬಂದಳು. ಬಂದು ಕೂತರೆ ಅಣ್ಣ ಗಲ್ಲಕ್ಕೆ ಕೈಯಿಟ್ಟು ಬೋರ್ಡನ್ನೇ ನೋಡುತ್ತಿದ್ದ. ನೋಡುತ್ತಲೇ ಇದ್ದ. ಸೋಲ್ತೀಯ ಕಣೋ, ಒಪ್ಕೋ ಎಂದು ಅವಳು ಕೀಟಲೆ ಮಾಡುತ್ತಿದ್ದಾಗ ಟಪ್ ಎಂದಿತು. "ಬಿತ್ತು" ಎಂದ ಅಣ್ಣ. ಬಿದ್ದದ್ದು ಅವಳ ಬಾವುಟ. ಅವಳು ಕಾಯಿಗಳನ್ನೆಲ್ಲ ಎಸೆದು ಬಾಯಿ ಬಡಿದುಕೊಂಡು ಅತ್ತಳು. "ಮಗು ಜೊತೆ ಏನೋ ನಿಂದು? ಒತ್ತು ಅಂತ ಹೇಳೋಕೆ ನಿನ್ನ ಬಾಯಲ್ಲಿ ಏನಿತ್ತು?" ಎಂದು ಅಮ್ಮ ಬೈದರೆ, "ನಾನು ಹೇಳ್ತೀನಮ್ಮಾ, ಹೊರಗಿನವರು ಹೇಳ್ತಾರಾ? ಇವತ್ತು ಅಳಲಿ ಬಿಡು, ಇನ್ನು ಜನ್ಮದಲ್ಲಿ ಮರೆಯಲ್ಲ" ಎಂದಿದ್ದ. ಮರೆಯಲಿಲ್ಲ, ಒಂದು ಸಲ ಬಿಟ್ಟು. ಆದರೆ ಇದೇ ಪಾಠ ಇವನು ಮಗಳಿಗೆ ಮಾಡಲಿಲ್ಲವೆ? ಅವಳು ಮತ್ತೆ ಹಗ್ಗದ ಕಡೆ ನೋಡದೆಯೇ ಅವನನ್ನು ಕೇಳಿದಳು. ಮಗಳು ಮರೆತಾಗೆಲ್ಲ ನೀನೇ ಒತ್ತಿದೆಯಾ? ಅಥವಾ ಪುಟ್ಟಾ, ಗಡಿಯಾರ, ಎಂದು ನಯವಾಗಿ ನೆನಪಿಸಿದೆಯಾ? ಹಾಗಾದರೆ ನಾನೇನು ದಾರೀಲಿ ಸಿಕ್ಕವಳಾ? ಮಧ್ಯವಯಸ್ಸಿನಲ್ಲಿ ಇಂಥ ಹೊಟ್ಟೆಕಿಚ್ಚು ತನ್ನೊಳಗೆ ಇಷ್ಟು ಹಸಿಯಾಗಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ಅದು ಹಿತವಾಗಿಯೂ ಇತ್ತು. ಸುಮ್ಮನಿರುವುದಕ್ಕೆ ಒಂದು ಕಾರಣ ಸಿಕ್ಕ ಹಾಗಿತ್ತು.

ಹುಡುಗಿ ಬಂದಳು. ಕಾಗದದ ಲೋಟವನ್ನು ಮೇಜಿನ ಕಾಲಿನ ಬಳಿ ಇಟ್ಟು, ಎರಡೂ ಅಂಗೈಗಳನ್ನು ಕುದುರೆಯ ಕಣ್ಣುಪಟ್ಟಿಯ ಹಾಗೆ ಹಣೆಗೆ ಅಡ್ಡ ಹಿಡಿದು, ಬೋರ್ಡಿನೊಳಗೆ ಮುಳುಗಿದಳು. ಗಡಿಯಾರದ ಕಡೆ ನೋಡಲಿಲ್ಲ. ನೋಡುವುದಿಲ್ಲ. ಅದೂ ಅಣ್ಣನ ಪಾಠವೇ. ಎದುರಿನವರು ಯೋಚಿಸುವಾಗ ಗಡಿಯಾರ ನೋಡಬೇಡ, ಅದು ಸೋಮಾರಿಗಳ ಕೆಲಸ, ಬೋರ್ಡ್ ನೋಡು. ಹುಡುಗಿಯ ಉಗುರುಗಳು ಕಚ್ಚಿ ಕಚ್ಚಿ ಮೊಂಡಾಗಿದ್ದವು. ಅವಳ ಬೈತಲೆ ಸೊಟ್ಟಗಿತ್ತು, ಬೆಳಿಗ್ಗೆ ಕನ್ನಡಿಯಿಲ್ಲದೆ ಬಾಚಿಕೊಂಡಿರಬೇಕು. ಹೇಳಿದ ಮಾತು ಕೇಳುವ ಮಗು. ಈ ವಿಧೇಯತೆಯೇ ಈಗ ಇದನ್ನು ಮುಳುಗಿಸುತ್ತದೆ ಎಂದುಕೊಂಡಳು ಇವಳು, ಬೇರೆ ಯಾರದೋ ಆಟವನ್ನು ಮಕ್ಕಳಿಗೆ ವಿವರಿಸುವ ಹಾಗೆ.

ಒಂದು ಸಲ ಅವಳೂ ಮರೆತಿದ್ದಳು. ಈ ದೇಶಕ್ಕೆ ಬಂದ ಮೊದಲ ಚಳಿಗಾಲ, ಕ್ಲಬ್ಬಿಗೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂದು ತೀರ್ಮಾನವಾಗುವ ಆಟ. ಎದುರಿಗೆ ಹಲ್ಲಿನ ಡಾಕ್ಟರು, ಬೆಳ್ಳಿಕೂದಲಿನ ಹೆಂಗಸು. ಆಕೆ ತನ್ನ ಶುಭ್ರವಾದ ತೋರುಬೆರಳಿನಿಂದ ಗಡಿಯಾರದ ನೆತ್ತಿಯನ್ನು ಎರಡು ಸಲ ತಟ್ಟಿ ತೋರಿಸಿ ಮುಗುಳ್ನಕ್ಕಳು. ಆ ಆಟ ಅವಳು ಗೆದ್ದಳು, ಕ್ಲಬ್ಬು ಸಿಕ್ಕಿತು, ಆ ವರ್ಷವೇ ಇಡೀ ಪ್ರಾಂತ್ಯದ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಸೋಲಿಸಿದಳು. ಆದರೆ ಆಟ ಮುಗಿದ ಮೇಲೆ ಕೋಟು ತೆಗೆದುಕೊಳ್ಳುವಾಗ ಗೋಡೆಯಾಚೆ ಡಾಕ್ಟರ ದನಿ ಕೇಳಿಸಿತ್ತು: "ಪಾಪ ಅನ್ನಿಸ್ತು ಕಣೇ. ಒಂದೇ ಬ್ಯಾಗು ಹಿಡ್ಕೊಂಡು ಬಂದಿದಾಳಂತೆ." ಅವಳಿಗೆ ಭಾಷೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ, ಪಾಪ ಎಂಬುದು ಮಾತ್ರ ಚೆನ್ನಾಗಿ ಅರ್ಥವಾಯಿತು. ಅಂದಿನಿಂದ ಆ ಡಾಕ್ಟರೊಂದಿಗೆ ಎಷ್ಟು ಸಲ ಆಡಿದರೂ ಕರುಣೆಯಿಲ್ಲದೆ ಸೋಲಿಸಿದಳು. ಸ್ಪಷ್ಟವಾಗಿ ಗೆದ್ದ ಮೇಲೂ ಮುಗಿಸದೆ ಕಾಲಾಳುಗಳನ್ನು ಒಂದೊಂದಾಗಿ ತಿಂದಳು. ಹಾಗಾದರೆ ಈ ಮಗುವಿಗೆ ಹೇಳುವುದೂ ಒಂದು ಅವಮಾನವೇ ಅಲ್ಲವೆ? ಹೀಗೆ ಕೇಳಿಕೊಂಡು ತಾನೇ ನಂಬಲು ನೋಡಿದಳು. ನಂಬಿಕೆ ಬರಲಿಲ್ಲ. ಡಾಕ್ಟರ ಬೆರಳು ಸುಮ್ಮನೆ ಗಡಿಯಾರದ ಮೇಲೆ ತಟ್ಟುತ್ತಲೇ ಇತ್ತು.

ಕೆನ್ನೆಗೆ ಅಂಟಿದ ಅಣ್ಣನ ಆ ನೋಟ. ಅವನು ರೆಪ್ಪೆ ಬಡಿಯುತ್ತಿದ್ದಾನೋ ಇಲ್ಲವೋ. ಇಬ್ಬರೂ ಒಂದೇ ವರ್ಷ ದೊಡ್ಡ ಪಂದ್ಯಕ್ಕೆ ಆಯ್ಕೆಯಾದಾಗ, ಇಬ್ಬರನ್ನೂ ಕಳಿಸುವುದು ಅಪ್ಪನ ಕೈಯಲ್ಲಿ ಆಗುವ ಮಾತಲ್ಲ ಎಂಬುದು ಗೊತ್ತಿದ್ದೂ ಯಾರೂ ಬಾಯಿಬಿಡದೆ ಊಟ ಮಾಡುತ್ತಿದ್ದಾಗ, ಅಣ್ಣ, "ಇವಳೇ ಹೋಗ್ಲಿ. ಹುಡುಗೀರಲ್ಲಿ ಪೈಪೋಟಿ ಕಮ್ಮಿ, ಕಣ್ಣುಮುಚ್ಕೊಂಡು ಆಡಿದ್ರೂ ಏನೋ ಒಂದು ಸಿಗುತ್ತೆ" ಎಂದಿದ್ದ. ಅವಳು ತಟ್ಟೆ ತಳ್ಳಿ ಎದ್ದುಹೋಗಿದ್ದಳು. ಎಷ್ಟೋ ವರ್ಷ ಅದನ್ನು ಕುಹಕವೆಂದೇ ಇಟ್ಟುಕೊಂಡಿದ್ದಳು. ಸಿಟ್ಟು ಬೇಕಾದಾಗ ತೆಗೆದು ನೋಡುವುದಕ್ಕೆ ಅನುಕೂಲವಾಗಿತ್ತು. ಅವನು ಆಡುವುದು ಬಿಟ್ಟು ಹೇಳಿಕೊಡಲು ನಿಂತ. ಅವಳು ಗೆದ್ದಳು, ಗೆದ್ದಳು, ಒಂದು ಸಲ ಪಂದ್ಯಕ್ಕೆಂದು ಹೋದವಳು ಹಿಂದಿರುಗಲಿಲ್ಲ. ಇಲ್ಲಿನವರು ಕೋಣೆ ಕೊಡುತ್ತೇವೆ, ಬಾವುಟ ಬದಲಾಯಿಸಿಕೊಂಡು ನಮ್ಮ ಕಡೆಯಿಂದ ಆಡು ಎಂದರು; ಬದಲಾಯಿಸಿಕೊಂಡಳು. ಹಾಸ್ಟೆಲಿನ ಪ್ಯಾಸೇಜಿನಿಂದ ಫೋನು ಮಾಡಿದಾಗ ಅಣ್ಣ, "ಇಲ್ಲಿ ನನ್ನನ್ನ ತರಬೇತುದಾರನ ಕೆಲಸದಿಂದ ತೆಗೆದ್ರು. ಸ್ವಂತ ತಂಗೀನೇ ಹಿಡಿದು ನಿಲ್ಲಿಸೋಕಾಗದವನು ಊರ ಮಕ್ಕಳಿಗೆ ಏನು ಕಲಿಸ್ತೀಯ ಅಂದ್ರು" ಎಂದ. ದೂರುವ ದನಿಯಲ್ಲ, ಹವಾಮಾನ ಹೇಳುವ ದನಿ. ನಾನು ಗೆದ್ದಾಗೆಲ್ಲ ನಿಂಗೆ ಫೋನ್ ಮಾಡ್ತೀನಿ ಅಣ್ಣಾ, ಎಂದಳು ಇವಳು, ಬೇರೇನೂ ತೋಚದೆ. "ಏನೂ ಬೇಡ. ಗೆದ್ರೆ ಪೇಪರಲ್ಲಿ ಬರುತ್ತಲ್ಲ, ಓದ್ಕೋತೀನಿ." ಅಲ್ಲಿನ ಪೇಪರಿನಲ್ಲಿ ಬರುವಂಥದ್ದೇನನ್ನೂ ಅವಳು ಗೆಲ್ಲಲಿಲ್ಲ. ಅವನು ಓದಿದನೋ ಇಲ್ಲವೋ, ಎಷ್ಟು ಬೆಳಗ್ಗೆಗಳಲ್ಲಿ ಕೊನೆಯ ಪುಟ ತಿರುವಿ ಮಡಚಿಟ್ಟನೋ. ಅದನ್ನು ಯೋಚಿಸಬಾರದೆಂದು ತನಗೆ ತಾನೇ ವಿಧಿಸಿಕೊಂಡಿದ್ದಳು.

ಮಗ್ಗುಲಲ್ಲಿ ಕಪ್ಪು ಬೂಟುಗಳು ಬಂದು ನಿಂತವು. ತೀರ್ಪುಗಾರ. ಸಮಯ ತೀರುತ್ತಿರುವ ಬೋರ್ಡಿನ ಬಳಿ ಬಂದು ನಿಲ್ಲುವುದು ಅವನ ಕೆಲಸ. ಕೈ ಕಟ್ಟಿಕೊಂಡು, ಮುಖವನ್ನು ಗೋಡೆಯ ಹಾಗೆ ಮಾಡಿಕೊಂಡು ನಿಂತ. ಅಂಗೈಯ ಪಟ್ಟಿಯ ಕೆಳಗಿಂದ ಹುಡುಗಿ ಆ ಬೂಟುಗಳನ್ನು ಕಂಡಳು, ತಲೆಯೆತ್ತಿ ತೀರ್ಪುಗಾರನನ್ನು ನೋಡಿದಳು, ಆಮೇಲೆ ಎದುರು ಕೂತ ಅತ್ತೆಯನ್ನು. ಸಮಯ ಮುಗಿಯುತ್ತಿರುವುದು ಅತ್ತೆಗೆ ಎಂದುಕೊಂಡ ಆ ಮಗುವಿನ ಮುಖದ ಮೇಲೆ ಬಂದ ಕನಿಕರ ಮುಚ್ಚುಮರೆಯಿಲ್ಲದ್ದು. ತನ್ನ ಉಸಿರಿನಿಂದಲೂ ತೊಂದರೆಯಾಗಬಾರದೆನ್ನುವ ಹಾಗೆ ಕುರ್ಚಿಯನ್ನು ಸದ್ದಾಗದಂತೆ ಸ್ವಲ್ಪ ಹಿಂದಕ್ಕೆ ಸರಿಸಿಕೊಂಡಳು. ಮತ್ತೆ ಹಣೆಗೆ ಕೈ ಅಡ್ಡ ಹಿಡಿದು ಬೋರ್ಡಿಗೆ ಇಳಿದಳು. ಈಗ ಹೇಳು. ಈಗ. ಒಂದು ಬೆರಳು ಎತ್ತಿದರೆ ಸಾಕು, ಬಾಯಿಬಿಡುವುದೂ ಬೇಡ. ಅವಳ ಬಲಗೈ ಗಲ್ಲದಿಂದ ಇಳಿದು ಮೇಜಿನ ಅಂಚಿಗೆ ಬಂತು. ಹಗ್ಗದ ಬಳಿ ಏನೋ ಅಲ್ಲಾಡಿತು, ಅಣ್ಣ ಬೆನ್ನ ಹಿಂದಿನಿಂದ ಕೈ ಬಿಡಿಸಿಕೊಂಡಿರಬೇಕು. ಅವಳಿಗೆ ಕಾರ್ಯದರ್ಶಿಯ ಟೇಪು ನೆನಪಾಯಿತು, ಅದು ಕರ್ ಎಂದು ತನ್ನ ಡಬ್ಬಿಯೊಳಕ್ಕೆ ಹಿಂದಿರುಗುವ ಸದ್ದು. ಇನ್ನೊಂದು ಊರು, ಇನ್ನೊಂದು ಕೋಣೆ ಹುಡುಕುವುದು ಇನ್ನು ತನ್ನಿಂದಾಗದು ಎನ್ನಿಸಿತು. ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತು. ತಾನು ಯೋಚಿಸುತ್ತಿಲ್ಲ, ತೀರ್ಮಾನ ಮಾಡುತ್ತಲೂ ಇಲ್ಲ, ಸುಮ್ಮನೆ ಕಾಯುತ್ತಿದ್ದೇನೆ ಎಂಬುದು ಸ್ಪಷ್ಟವಾಗಿ ತಿಳಿಯಿತು. ಹಿಡಿದ ಬೆರಳುಗಳು ಬೆಳ್ಳಗಾಗುವವರೆಗೆ ಕಾದಳು.

ಈ ಕಾಲದ ಗಡಿಯಾರಗಳಲ್ಲಿ ಬೀಳುವುದಕ್ಕೆ ಬಾವುಟವಿಲ್ಲ. ಅಂಕಿಗಳು ಸೊನ್ನೆಗಳಾದವು, ಅಷ್ಟೇ. ತೀರ್ಪುಗಾರ ಬಾಗಿ, ಬಿಳಿಯವರ ಸಮಯ ಮುಗಿಯಿತು, ಕಪ್ಪಿಗೆ ಗೆಲುವು ಎಂದ.

ಹುಡುಗಿ ನಕ್ಕಳು. ಅವನು ಬಣ್ಣ ತಪ್ಪಿ ಹೇಳಿದನೆಂದುಕೊಂಡಿದ್ದಳು. ಗಡಿಯಾರ ನೋಡಿದಳು, ಗುಂಡಿ ನೋಡಿದಳು, ತನ್ನ ಕೈ ನೋಡಿಕೊಂಡಳು. ನಗು ಇನ್ನೂ ತುಟಿಯ ಮೇಲಿದ್ದ ಹಾಗೇ ಕಣ್ಣು ತುಂಬಿತು. ಆಟ ಮುಗಿದ ಮೇಲೆ, ಗೆದ್ದವರು ಯಾರೆಂದು ತೋರಿಸಲು ಎರಡೂ ರಾಜರನ್ನು ಬೋರ್ಡಿನ ನಡುವೆ ಗೆದ್ದ ಬಣ್ಣದ ಚೌಕಗಳಲ್ಲಿ ಇಡಬೇಕು. ಹುಡುಗಿ ಕಣ್ಣೊರೆಸಿಕೊಳ್ಳುತ್ತಿದ್ದುದರಿಂದ ಇವಳೇ ಇಟ್ಟಳು. ಆಟದೊಳಗೆ ಎಂದೂ ಪಕ್ಕಪಕ್ಕ ನಿಲ್ಲಬಾರದ ಎರಡು ಕಾಯಿಗಳು, ಮೂಲೆಗೆ ಮೂಲೆ ತಾಗಿ ನಿಂತವು.

ಹೊರಗಿನ ಪ್ಯಾಸೇಜಿನಲ್ಲಿ, ಕೋಟುಗಳನ್ನು ನೇತುಹಾಕಿದ ಕಡೆ, ಹುಡುಗಿಯೇ ಹುಡುಕಿಕೊಂಡು ಬಂದಳು. ಹಿಂದೆ ಅಣ್ಣ. ಮುಖ ತೊಳೆದುಕೊಂಡಿದ್ದಳು, ಮುಂಗೂದಲು ಒದ್ದೆಯಾಗಿತ್ತು. "ಅತ್ತೆ, ಒಂದು ಕೇಳ್ಲಾ? ನಾನು ಒತ್ತಿಲ್ಲ ಅಂತ ನೀವು ನೋಡಿದ್ರಾ?"

ಕೇಳಿದ್ದು ಆರೋಪವಾಗಿರಲಿಲ್ಲ. ತಿಳಿದುಕೊಳ್ಳುವ ಆಸೆ, ಅಷ್ಟೇ. ಹೂಂ ಎಂದುಬಿಡಬೇಕು, ನೋಡಿದ್ದೆ ಎಂದುಬಿಡಬೇಕು ಎಂದು ನಾಲಿಗೆ ಹೊರಳಿಸುತ್ತಿರುವಾಗಲೇ ಅಣ್ಣ ಮಾತಾಡಿದ.

"ಏ, ಅತ್ತೆ ಎಲ್ಲಿ ನೋಡ್ತಾಳೆ? ಯೋಚನೆಗೆ ಕೂತ್ರೆ ಮನೆ ಹತ್ಕೊಂಡು ಉರಿದ್ರೂ ಅವಳಿಗೆ ಗೊತ್ತಾಗಲ್ಲ. ಚಿಕ್ಕೋಳಿದ್ದಾಗಿಂದ ಹಾಗೇ." ಮಾತಾಡಿದ್ದು ಮಗಳ ಜೊತೆ. ನೋಡಿದ್ದು ಇವಳನ್ನು. ಹಗ್ಗದಾಚೆಯಿಂದ ನೋಡಿದ ಅದೇ ಕಣ್ಣು.

"ಅದೇ ಅಂದ್ಕೊಂಡೆ" ಎಂದಳು ಹುಡುಗಿ, ದೊಡ್ಡ ಭಾರ ಇಳಿದವಳ ಹಾಗೆ. "ನಾನೇ ಪೆದ್ದಿ. ಆ ಆನೆ ನಡೆ ಹೇಗಿತ್ತು ಅತ್ತೆ?"

"ಚೆನ್ನಾಗಿತ್ತು."

"ಅಪ್ಪಾ, ಅತ್ತೆ ಚೆನ್ನಾಗಿತ್ತು ಅಂದ್ರು."

"ಕೇಳಿಸ್ತು, ನಾನೇನು ಕಿವುಡನಾ? ಕೋಟ್ ಹಾಕ್ಕೋ." ಅಣ್ಣ ಮಗಳ ಕೋಟಿನ ತೋಳು ಹಿಡಿದು ನಿಂತ. ಗುಂಡಿಗಳನ್ನೂ ಅವನೇ ಹಾಕಿದ, ಕೆಳಗಿನಿಂದ ಮೇಲಕ್ಕೆ. ಅವಳು ಕಾದಳು. ಬೈದರೂ ಸರಿ, ಒಂದು ಮಾತು ಬೇಕಾಗಿತ್ತು.

"ನಾಳೆ ಆಡ್ತೀಯಲ್ಲ?" ಎಂದ.

"ಆಡ್ತೀನಿ ಅಣ್ಣಾ."

"ಹೂಂ. ಒಳ್ಳೇದು."

ಅವರು ಹೊರಟುಹೋದರು. ಕ್ಯಾಪ್ಟನ್ ಹಿಂದಿನಿಂದ ಬಂದು ಅವಳ ಹೆಗಲಿಗೆ ಬಡಿದಳು. ಆಕೆಯ ಮೂಗು ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. "ಎಂಥಾ ಗಟ್ಟಿಗಿತ್ತಿಯಮ್ಮಾ ನೀನು! ನನಗೇ ತಡ್ಕೊಳ್ಳೋಕಾಗ್ಲಿಲ್ಲ, ಬಾಗಿಲ ಹತ್ರ ಹೋಗಿ ನಿಂತ್ಬಿಟ್ಟೆ. ನೀನು ರೆಪ್ಪೆ ಕೂಡ ಅಲ್ಲಾಡಿಸಲಿಲ್ಲ." ನಾಳೆ ಬಿಳಿ ಕಾಯಿ ನಿನ್ನದು, ಬೇಗ ಮಲಗು ಎಂದೂ ಹೇಳಿದಳು. ಅವಳು ತಲೆಯಾಡಿಸಿದಳು.

ಗಾಜಿನ ಬಾಗಿಲಾಚೆ ಮೆಟ್ಟಿಲ ಮೇಲೆ ಅಪ್ಪ ಮಗಳು ಬಸ್ಸಿಗೋ ಯಾರಿಗೋ ಕಾಯುತ್ತಿದ್ದರು. ಅಣ್ಣ ಏನೋ ಹೇಳಿ ಅಂಗೈ ಚಾಚಿ ಹಿಡಿದ. ಹುಡುಗಿ ಗಾಳಿಯಲ್ಲಿ ಒಂದು ಕಾಯಿ ಎತ್ತಿಟ್ಟು, ಫಟ್ಟೆಂದು ಅವನ ಅಂಗೈಗೆ ಹೊಡೆದಳು. ಮತ್ತೊಂದು ಕಾಯಿ, ಮತ್ತೊಂದು ಏಟು. ನಡೆಸು, ಒತ್ತು. ನಡೆಸು, ಒತ್ತು. ಗಾಜಿನ ಈಚೆಗೆ ಸದ್ದು ಬರುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಹುಡುಗಿ ಕಾಯಿ ಇಟ್ಟವಳು ಅಪ್ಪನನ್ನು ಅಣಕಿಸಲೆಂದು ಹೊಡೆಯದೆ ಕೈ ಜೇಬಿಗಿಳಿಸಿ ಬೇರೆ ಕಡೆ ನೋಡಿದಳು. ಅಣ್ಣ ಬೈಯಲಿಲ್ಲ, ನಗಲೂ ಇಲ್ಲ. ಅಂಗೈ ಚಾಚಿಕೊಂಡೇ ನಿಂತಿದ್ದ.